ವಕೀಲರನ್ನು ಕೇಳಿ: ದಾರಿಯಲ್ಲಿ ತಪ್ಪಿಸಿಕೊಂಡ ಕೈದಿ ಯಾರ ಪಾಲು?

ಶಿವಮೊಗ್ಗ ಟೀಚರ್: ಮೇಡಂ, ಬ್ರಿಟಿಷರು ಕೈದಿಯಾಗಿ ಭಾರತಕ್ಕೆ ಸಾಗಿಸುತ್ತಿದ್ದ ಸಾವರ್ಕರ್ 1910ರಲ್ಲಿ ಮಾರ್ಸೇ ಬಂದರಿನಲ್ಲಿ ಹಡಗಿನಿಂದ ಹಾರಿ ದಡ ಸೇರಿದರು. ಅದು ಫ್ರಾನ್ಸ್ ನೆಲ. ಮತ್ತೆ ಬ್ರಿಟಿಷರ ಕೈಗೆ ಹೇಗೆ ಸಿಕ್ಕರು?

ವಕೀಲರು: ನನ್ನನ್ನೂ ಬಹಳ ಕಾಡಿದ ಕೇಸು ಇದು. ಜುಲೈ 8ರ ಬೆಳಿಗ್ಗೆ 'ಮೋರಿಯಾ' ಹಡಗಿನ ಕಿಂಡಿಯಿಂದ ಹಾರಿ, ಈಜಿ, ಕಟ್ಟೆ ಹತ್ತಿ ಓಡಿದರು. ಹಿಡಿದವನು ಫ್ರೆಂಚ್ ಬಂದರಿನ ಪೊಲೀಸ್. ಹಡಗಿನಿಂದ ಓಡಿಬಂದವರ ಜೊತೆ ಸೇರಿ ಅವನೇ ವಾಪಸ್ ಹತ್ತಿಸಿದ. ಎಲ್ಲಾ ಕೆಲವೇ ನಿಮಿಷ. ಮ್ಯಾಜಿಸ್ಟ್ರೇಟ್ ಇಲ್ಲ, ಹಸ್ತಾಂತರದ ಕಾಗದ ಇಲ್ಲ.

ಫ್ರಾನ್ಸ್ ತಗಾದೆ ತೆಗೆಯಿತು. ದೇಶಗಳ ನಡುವಿನ ವ್ಯಾಜ್ಯ ತೀರ್ಮಾನಿಸುವ ಹೇಗ್‌ನ ನ್ಯಾಯಾಲಯದಲ್ಲಿ 5 ಜನ ಪಂಚರು ಕೂತರು. 1911ರ ಫೆಬ್ರವರಿ 24ರಂದು ಹೇಳಿದ್ದಿಷ್ಟು: ಒಪ್ಪಿಸಿದ ರೀತಿ ಸರಿಯಿಲ್ಲ, ಆದರೆ ಬ್ರಿಟನ್ ಮೋಸವನ್ನೂ ಮಾಡಿಲ್ಲ, ಬಲವನ್ನೂ ಬಳಸಿಲ್ಲ. ಎಡವಟ್ಟು ಫ್ರೆಂಚ್ ಪೊಲೀಸನದು. ಅದಕ್ಕಾಗಿ ಬ್ರಿಟನ್ ಕೈದಿಯನ್ನು ವಾಪಸ್ ಕೊಡಬೇಕಿಲ್ಲ. ಲಂಡನ್ ಪೊಲೀಸರು ಜೂನ್ 29ಕ್ಕೇ ಪ್ಯಾರಿಸ್‌ಗೆ ಪತ್ರ ಬರೆದು, ಇಂಥವರು ಈ ಹಡಗಲ್ಲಿ ಬರ್ತಾರೆ ಅಂತ ತಿಳಿಸಿದ್ದರು. ಹಡಗಿನ ಕಾವಲಿಗೆ ಫ್ರೆಂಚ್ ಪೊಲೀಸರು ನೆರವಾಗಲು ಆ ಪತ್ರವೇ ಕಾರಣ, ಬ್ರಿಟನ್ ಪಾಲಿಗೆ ದೊಡ್ಡ ಆಸರೆಯೂ ಅದೇ.

ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ಹಡಗಿನ ಕಾವಲಿಗೆ ನೆರವಾಗೋದು ಬೇರೆ, ನೆಲಕ್ಕೆ ಕಾಲಿಟ್ಟವನನ್ನು ಎತ್ತಿಕೊಡೋದು ಬೇರೆ. ಮುಂಬೈ ವಿಶೇಷ ನ್ಯಾಯಮಂಡಳಿಯಂತೂ ಹೇಗ್ ತೀರ್ಪಿಗೆ ಕಾಯಲೂ ಇಲ್ಲ. 1910ರ ಡಿಸೆಂಬರ್ 24ಕ್ಕೇ ಕರಿನೀರಿನ ಶಿಕ್ಷೆ ಕೊಟ್ಟಿತ್ತು.

ಹುಬ್ಬಳ್ಳಿ ಹುಡುಗ: ಮೂರು ದಿನ ಸಮುದ್ರದಲ್ಲಿ ಈಜಿದ್ರಂತಲ್ಲ? ಫಾರ್ವರ್ಡ್ ಹಾಕ್ತೀನಿ.

ವಕೀಲರು: ಬೇಡ. ಹಡಗು ಬಂದರಲ್ಲೇ ನಿಂತಿತ್ತು.

ಬಳ್ಳಾರಿ ಬಿಸಿಲು: ಬೋಯರ್ ಯುದ್ಧದ ಕೈದಿಗಳನ್ನು ನಮ್ಮೂರಲ್ಲಿ ಯಾವ ಕಾನೂನಿನಡಿ ಇಟ್ಟಿದ್ದರು ಮೇಡಂ?

ಕಾಫಿ ಪ್ರಿಯ: ಸಾವರ್ಕರ್ ಆಮೇಲೆ ಕ್ಷಮೆ ಕೇಳಿ ಅರ್ಜಿ ಬರೆದದ್ದೂ ಹೇಳಿ.

ಹುಬ್ಬಳ್ಳಿ ಹುಡುಗ: ಬಂದ್ರು ನೋಡಿ! ನೀವು ಒಂದು ದಿನ ಸೆಲ್ಯುಲರ್ ಜೈಲಲ್ಲಿ ಇದ್ದು ಬನ್ನಿ.

ಕಾಫಿ ಪ್ರಿಯ: ಅರ್ಜಿ ಬರೆದದ್ದು ಸುಳ್ಳಾ? ಅಷ್ಟು ಹೇಳಿ.

ಹುಬ್ಬಳ್ಳಿ ಹುಡುಗ: ಅರ್ಜಿ ಹಾಕೋದು ಕೈದಿಯ ಹಕ್ಕು ಸ್ವಾಮಿ.

ವಕೀಲರು: ಪ್ರಶ್ನೆ ಬಂದರಿನದು. ಅರ್ಜಿ ಜಗಳ ಬೇರೆ ಕಡೆ ಆಡಿ.

ಮೈಸೂರು ಆಂಟಿ: ನನ್ನ ಅಕ್ಕನ ಮಗ ಗಲ್ಫ್ ಮೇಲೆ ಹೋಗ್ತಾನೆ. ಏರ್‌ಪೋರ್ಟ್ ಟ್ರಾನ್ಸಿಟ್ ಜಾಗ ಯಾವ ದೇಶಕ್ಕೂ ಸೇರಿಲ್ಲ, ಅಲ್ಲಿ ಯಾರೂ ಹಿಡಿಯೋ ಹಾಗಿಲ್ಲ ಅಂತ ಮೆಸೇಜ್ ಬಂದಿದೆ. ನಿಜಾನಾ?

ವಕೀಲರು: ಅಮ್ಮಾ, ಶುದ್ಧ ಸುಳ್ಳು. ಅದು ಆ ದೇಶದ್ದೇ ನೆಲ, ಅಲ್ಲಿನ ಪೊಲೀಸರು ಹಿಡಿಯಬಹುದು. ಪ್ಯಾರಿಸ್‌ನ ಓರ್ಲಿ ನಿಲ್ದಾಣದಲ್ಲಿ 4 ಜನ ಸೊಮಾಲಿಯಾದವರನ್ನು 20 ದಿನ ಕೂಡಿಹಾಕಿದ್ದರು. ಟ್ರಾನ್ಸಿಟ್ ವಲಯವೂ ಫ್ರಾನ್ಸ್ ಕಾನೂನಿನೊಳಗೇ ಅಂತ ಯುರೋಪಿನ ಮಾನವ ಹಕ್ಕು ನ್ಯಾಯಾಲಯ 1996ರಲ್ಲಿ ಹೇಳಿತು. ಅವನ ಮೇಲೆ ಕೇಸು ಏನಾದ್ರೂ ಇದ್ರೆ ಟಿಕೆಟ್ ಮಾಡಿಸೋ ಮೊದಲೇ ವಕೀಲರನ್ನು ನೋಡಲಿ. ಆ ಮೆಸೇಜ್ ದಯವಿಟ್ಟು ಅಳಿಸಿ.

ಶಿವಮೊಗ್ಗ ಟೀಚರ್: ವಿಯೆಟ್ನಾಂ ನಾಯಕ ಹೋ ಚಿ ಮಿನ್ ಕೇಸೂ ಹೀಗೇನಾ?

ವಕೀಲರು: ಅಲ್ಲ. 1931ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಬ್ರಿಟಿಷರು ಬಂಧಿಸಿ, ಫ್ರೆಂಚರ ಆಳ್ವಿಕೆಯ ಇಂಡೋಚೀನಾಕ್ಕೆ ಹೋಗುವ ಹಡಗನ್ನೇ ಹತ್ತಿಸಲು ಹೊರಟಿದ್ದರು. ಇಳಿದರೆ ಫ್ರೆಂಚರ ಕೈಗೆ. ಗಡಿಪಾರಿನ ಹೆಸರಲ್ಲಿ ಹಿಂಬಾಗಿಲ ಹಸ್ತಾಂತರ! ವಿಷಯ ವಸಾಹತುಗಳ ಕೊನೆಯ ಮೇಲ್ಮನವಿ ಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿ 1932ರಲ್ಲಿ ರಾಜಿಯಾಯ್ತು. ಫ್ರೆಂಚರಿಗೆ ಒಪ್ಪಿಸಲಿಲ್ಲ.

ಹಾಸನ ಹೈದ: ಮೂರು ದಿನ ಈಜಿದ್ದು ನಿಜಾನಾ ಮೇಡಂ?

ವಕೀಲರು: ಮೇಲೆ ಓದಿ.

ಕಾಫಿ ಪ್ರಿಯ: ಅರ್ಜಿ ಬಗ್ಗೆ ಮಾತ್ರ ಬಾಯೇ ಬಿಡಲ್ಲ ನೀವು.

ವಕೀಲರು: ಇವತ್ತಿಗೆ ಸಾಕು. ಅಡ್ಮಿನ್, ಕಾಮೆಂಟ್ ಮುಚ್ಚಿ.