ದಕ್ಷಿಣ ಚೀನಾಕ್ಕೆ ಗ್ರೂಪ್ ಟೂರ್: ಟೂರ್ ಮ್ಯಾನೇಜರ್ ಅವರನ್ನೇ ಕೇಳಿ

ಈ ವಾರ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಬೆಂಗಳೂರಿನ ಒಬ್ಬ ಟೂರ್ ಮ್ಯಾನೇಜರ್. ನಮ್ಮ ಜನರ ಗುಂಪುಗಳನ್ನು ಚೀನಾಕ್ಕೆ ಕರೆದುಕೊಂಡು ಹೋಗಿ ಬರುವುದೇ ಅವರ ಕೆಲಸ.

ಪ್ರಶ್ನೆ (ಮೈಸೂರು, ನಿವೃತ್ತ ಶಿಕ್ಷಕಿ): ನಮಸ್ಕಾರ ಸರ್. ನಾನು, ನಮ್ಮ ಯಜಮಾನರು ಇಬ್ಬರೂ ಅರವತ್ತು ದಾಟಿದವರು. ಒಂದು ಟ್ರಾವೆಲ್ಸ್‌ನವರು 9 ದಿನದ ಪ್ಯಾಕೇಜ್ ಕೊಟ್ಟಿದ್ದಾರೆ. ಗುವಾಂಗ್‌ಝೌ, ಗುಯಿಲಿನ್, ಯಾಂಗ್‌ಶುವೊ, ಝಾಂಗ್‌ಜಿಯಾಜಿಯೆ, ಕುನ್ಮಿಂಗ್, ಲಿಜಿಯಾಂಗ್. ಆರು ಊರು! ದುಡ್ಡಿಗೆ ಮೋಸ ಇಲ್ಲ ಅನ್ನಿಸುತ್ತದೆ. ಹೋಗಬಹುದಾ?

ಉತ್ತರ: ಮೇಡಂ, ಆ ಪ್ಯಾಕೇಜಿನ ಹಾಳೆ ಮುಂದಿಟ್ಟುಕೊಂಡು ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಪ್ರತಿ ದಿನದ ಎದುರಿಗೆ ಎರಡು ಅಂಕಿ ಬರೆಯಿರಿ. ಬಸ್ಸು, ರೈಲು, ವಿಮಾನ, ನಿಲ್ದಾಣ ಇವುಗಳಲ್ಲಿ ಕಳೆಯುವ ಗಂಟೆ ಒಂದು ಕಡೆ. ಜಾಗ ನೋಡುವ ಗಂಟೆ ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ನೋಡಿ. ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು ನೀವು, ನಾನು ಹೇಳಬೇಕಾಗಿಲ್ಲ.

ನೀವು ಹೇಳಿದ ಆರು ಊರು ಇರುವುದು ನಾಲ್ಕು ಬೇರೆ ಬೇರೆ ಪ್ರಾಂತ್ಯಗಳಲ್ಲಿ. ಗುವಾಂಗ್‌ಝೌ ಗುವಾಂಗ್‌ಡಾಂಗ್‌ನಲ್ಲಿ, ಗುಯಿಲಿನ್ ಮತ್ತು ಯಾಂಗ್‌ಶುವೊ ಗುವಾಂಗ್‌ಶಿಯಲ್ಲಿ, ಝಾಂಗ್‌ಜಿಯಾಜಿಯೆ ಹುನಾನ್‌ನಲ್ಲಿ, ಕುನ್ಮಿಂಗ್ ಮತ್ತು ಲಿಜಿಯಾಂಗ್ ಯುನ್ನಾನ್‌ನಲ್ಲಿ. ಬುಲೆಟ್ ರೈಲು ಇದೆ, ನಿಜ. ಗುವಾಂಗ್‌ಝೌದಿಂದ ಗುಯಿಲಿನ್‌ಗೆ ಮೂರು ಗಂಟೆಯೊಳಗೆ ಕರೆದುಕೊಂಡು ಹೋಗುತ್ತದೆ. ಆದರೆ ಅಲ್ಲಿಂದ ಝಾಂಗ್‌ಜಿಯಾಜಿಯೆ ಅಂದರೆ ಅರ್ಧ ದಿನ ಹೋಯಿತು. ಅಲ್ಲಿಂದ ಕುನ್ಮಿಂಗ್ ಅಂದರೆ ಇನ್ನೊಂದು ಅರ್ಧ ದಿನ. ದಿನಾ ಬೆಳಿಗ್ಗೆ ಆರಕ್ಕೆ ಸೂಟ್‌ಕೇಸ್ ಬಾಗಿಲಾಚೆ ಇಡಬೇಕು. ಐದನೇ ದಿನಕ್ಕೆ ಜನ ಬಸ್ಸಿನಿಂದ ಇಳಿಯುವುದಕ್ಕೇ ಒಲ್ಲೆ ಅನ್ನುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ.

ನನ್ನನ್ನು ಕೇಳಿದರೆ ಝಾಂಗ್‌ಜಿಯಾಜಿಯೆ ಮತ್ತು ಯುನ್ನಾನ್ ಎರಡನ್ನೂ ಈ ಸಲ ಬಿಡಿ. ಗುವಾಂಗ್‌ಝೌದಲ್ಲಿ ಎರಡು ರಾತ್ರಿ, ಗುಯಿಲಿನ್‌ನಲ್ಲಿ ಎರಡು, ಗುಯಿಲಿನ್ ಕಡೆಯ ಲಾಂಗ್‌ಜಿ ಎಂಬ ಮೆಟ್ಟಿಲು ಗದ್ದೆಗಳ ಹತ್ತಿರ ಒಂದು, ಯಾಂಗ್‌ಶುವೊದಲ್ಲಿ ಮೂರು. ಒಂಬತ್ತು ದಿನ ಅಲ್ಲಿಗೇ ಮುಗಿಯಿತು.

ಅದೇ ಸದಸ್ಯೆ: ಗುಯಿಲಿನ್ ಸುತ್ತಲೇ ಆರು ರಾತ್ರಿನಾ? ಅಷ್ಟು ನೋಡುವುದಕ್ಕೆ ಏನಿದೆ ಸರ್ ಅಲ್ಲಿ?

ಉತ್ತರ: ಯಾಣದ ಬಂಡೆ ನೋಡಿದ್ದೀರಲ್ವಾ? ಅಂಥ ಸುಣ್ಣಕಲ್ಲಿನ ಕೋಡುಗಳು ಗದ್ದೆಯ ನಡುವೆ, ಹೊಳೆಯ ಅಂಚಿಗೆ, ಊರಿನ ಬಸ್ ಸ್ಟಾಪಿನ ಹಿಂದೆ, ಎಲ್ಲೆಂದರಲ್ಲಿ ಎದ್ದು ನಿಂತಿವೆ ಅಂದುಕೊಳ್ಳಿ. ಕೋಟ್ಯಂತರ ವರ್ಷ ಮಳೆನೀರು ಸುಣ್ಣಕಲ್ಲನ್ನು ಕರಗಿಸುತ್ತಾ ಹೋಯಿತು. ಕರಗದೆ ಉಳಿದದ್ದು ಬೆಟ್ಟ, ಒಳಗೆ ಕರಗಿದ್ದು ಗುಹೆ. ದಕ್ಷಿಣ ಚೀನಾದ ಈ ಸುಣ್ಣಕಲ್ಲಿನ ನೆಲ 2007ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಗುಯಿಲಿನ್ ಭಾಗ 2014ರಲ್ಲಿ ಸೇರ್ಪಡೆಯಾಯಿತು.

ಇದನ್ನು ನೋಡಬೇಕಾದದ್ದು ಲೀ ನದಿಯ ಮೇಲಿಂದ. ಗುಯಿಲಿನ್ ಕಡೆಯಿಂದ ಬೆಳಿಗ್ಗೆ ದೋಣಿ ಹೊರಡುತ್ತದೆ, ನಾಲ್ಕೈದು ಗಂಟೆಯಲ್ಲಿ ಯಾಂಗ್‌ಶುವೊ. ಮೊದಲ ಒಂದು ಗಂಟೆ ಎಲ್ಲರೂ ಫೋಟೊ ತೆಗೆದು ಸುಸ್ತಾಗುತ್ತಾರೆ. ಆಮೇಲೆ ಕೆಳಗೆ ಊಟಕ್ಕೆ ಕರೆಯುತ್ತಾರೆ. ತಪ್ಪು ನಡೆಯುವುದು ಅಲ್ಲೇ! ಯಾಂಗ್‌ಡಿಯಿಂದ ಶಿಂಗ್‌ಪಿಂಗ್‌ವರೆಗಿನ ಭಾಗವೇ ಎಲ್ಲಕ್ಕಿಂತ ಚೆಂದ, ಆ ಹೊತ್ತಿಗೆ ನಮ್ಮವರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಬೇಗ ಉಂಡು ಮೇಲೆ ಬನ್ನಿ. ಶಿಂಗ್‌ಪಿಂಗ್ ಹತ್ತಿರ 20 ಯುವಾನ್ ನೋಟಿನ ಹಿಂಬದಿಯ ಚಿತ್ರ ಎದುರಿಗೇ ಇರುತ್ತದೆ. ಎಲ್ಲರೂ ನೋಟು ಎತ್ತಿ ಹಿಡಿದು ಬೆಟ್ಟದ ಗೆರೆಗೆ ಗೆರೆ ಕೂಡಿಸುತ್ತಾ ಇರುತ್ತಾರೆ, ಗಾಳಿಗೆ ನೋಟು ಹಾರಿಹೋಗದ ಹಾಗೆ ನೋಡಿಕೊಳ್ಳಿ.

ಇನ್ನೊಂದು ಒಳಗಿನ ಮಾತು. ಪ್ಯಾಕೇಜಿನಲ್ಲಿ 'ಬಿದಿರಿನ ತೆಪ್ಪ' ಎಂದು ಬರೆದಿದ್ದರೆ ಯಾವ ನದಿಯಲ್ಲಿ ಎಂದು ಕೇಳಿ. ಲೀ ನದಿಯ ಮೇಲಿನವು ಪ್ಲಾಸ್ಟಿಕ್ ಪೈಪಿನವು, ಮೋಟಾರ್ ಸದ್ದು ಬೇರೆ. ಯಾಂಗ್‌ಶುವೊ ಪಕ್ಕದ ಯುಲಾಂಗ್ ಹೊಳೆಯಲ್ಲಿ ನಿಜವಾದ ಬಿದಿರು, ಗಳ ಹಾಕಿ ನಡೆಸುತ್ತಾರೆ. ಸಣ್ಣ ಕಟ್ಟೆಗಳ ಮೇಲಿಂದ ತೆಪ್ಪ ಜಾರಿ ಇಳಿಯುವಾಗ ಕಾಲು ಎತ್ತದಿದ್ದರೆ ಮೊಣಕಾಲವರೆಗೂ ನೆನೆಯುತ್ತೀರಿ. ಮೀನು ಹಿಡಿಯುವ ನೀರುಕಾಗೆ ಕೂರಿಸಿಕೊಂಡು ಲಾಟೀನು ಹಿಡಿದ ಮುದುಕರು ಸಿಗುತ್ತಾರಲ್ಲ, ಅವರು ಈಗ ಮೀನಿಗೆ ಬಂದವರಲ್ಲ, ಫೋಟೊಗೆ ಬಂದವರು. ಕ್ಲಿಕ್ ಮಾಡುವ ಮೊದಲೇ ರೇಟು ಕೇಳಿಕೊಳ್ಳಿ.

ಪ್ರಶ್ನೆ (ತೀರ್ಥಹಳ್ಳಿ, ಕೃಷಿಕ): ಗದ್ದೆ ನೋಡುವುದಕ್ಕೆ ಚೀನಾಕ್ಕೆ ಹೋಗಬೇಕಾ ಅಂತ ಮನೆಯಲ್ಲಿ ನಗುತ್ತಿದ್ದಾರೆ. ಲಾಂಗ್‌ಜಿಯಲ್ಲಿ ಅಂಥದ್ದೇನಿದೆ?

ಉತ್ತರ: ಅಣ್ಣಾ, ಗದ್ದೆ ಮಾಡುವವರಿಗೇ ಅದರ ರುಚಿ ಜಾಸ್ತಿ ಗೊತ್ತಾಗುವುದು. ಬೇರೆಯವರು ಗೆರೆಗಳನ್ನು ನೋಡುತ್ತಾರೆ, ನೀವು ನೀರು ನೋಡುತ್ತೀರಿ. ಗುಯಿಲಿನ್‌ನಿಂದ ರಸ್ತೆಯಲ್ಲಿ ಎರಡು ಗಂಟೆ ಚಿಲ್ಲರೆ. ಯುವಾನ್ ರಾಜರ ಕಾಲದಿಂದ, ಅಂದರೆ ಆರುನೂರು ವರ್ಷಕ್ಕೂ ಹಿಂದಿನಿಂದ ಝುವಾಂಗ್ ಮತ್ತು ಯಾವೊ ಜನ ಕಡಿದಾದ ಗುಡ್ಡ ಕಡಿದು ಮಾಡಿದ್ದು. ನೆತ್ತಿಯ ಕಾಡನ್ನು ಮುಟ್ಟುವುದಿಲ್ಲ, ಏಕೆಂದರೆ ನೀರು ಬರುವುದೇ ಅಲ್ಲಿಂದ. ಒಂದು ಗದ್ದೆ ತುಂಬಿ ಕೆಳಗಿನದಕ್ಕೆ ಇಳಿಯುತ್ತದೆ. ಕೆಲವು ಕಡೆ ಸೀಳಿದ ಬಿದಿರಿನಲ್ಲಿ ನೀರು ಹಾಯಿಸಿರುತ್ತಾರೆ, ಥೇಟ್ ನಿಮ್ಮ ಕಡೆಯ ಅಡಿಕೆ ದಬ್ಬೆಯ ಹಾಗೆ. ಕೆಲವು ಗದ್ದೆಯಂತೂ ಎರಡು ಸಾಲು ನಾಟಿಗೂ ಸಾಲದು, ಅಷ್ಟು ಕಿರಿದು.

ಮೇ ಕೊನೆ, ಜೂನ್‌ನಲ್ಲಿ ನೀರು ನಿಲ್ಲಿಸಿರುತ್ತಾರೆ, ಗುಡ್ಡವೆಲ್ಲ ಕನ್ನಡಿ ಚೂರು. ಸೆಪ್ಟೆಂಬರ್ ಕೊನೆಗೆ ಪೈರು ಹಣ್ಣಾಗುತ್ತದೆ. ಚಳಿಗಾಲದಲ್ಲಿ ಹೋದರೆ ಬರೀ ಕೂಳೆ, ಮೇಲೆ ಮಂಜು.

ಮಂಡಿನೋವು ಇರುವವರು ಪಿಂಗಾನ್ ಹಳ್ಳಿಯ ಬದಲು ದಾಝಾಯ್ ಕಡೆ ಹೋಗಿ, ಅಲ್ಲಿ ಮೇಲಿನವರೆಗೆ ಕೇಬಲ್ ಕಾರ್ ಇದೆ. ಪಿಂಗಾನ್‌ನಲ್ಲಿ ಮೆಟ್ಟಿಲೇ ಮೆಟ್ಟಿಲು. ದೊಡ್ಡ ಸೂಟ್‌ಕೇಸ್ ಗುಯಿಲಿನ್ ಹೋಟೆಲಿನಲ್ಲೇ ಬಿಟ್ಟು ಒಂದು ಕೈಚೀಲ ತನ್ನಿ. ದಾರಿಯಲ್ಲಿ ಹುವಾಂಗ್‌ಲುವೊ ಎಂಬ ಹಳ್ಳಿ, ಯಾವೊ ಹೆಂಗಸರ ನೆಲ ಮುಟ್ಟುವ ಕೂದಲಿಗೆ ಹೆಸರುವಾಸಿ. ಗುಟ್ಟೇನು ಗೊತ್ತಾ? ಹುಳಿ ಬರಿಸಿದ ಅಕ್ಕಚ್ಚು! ನಮ್ಮಜ್ಜಿ ಹಸುವಿಗೆ ಹಾಕುತ್ತಿದ್ದದ್ದನ್ನು ಅವರು ಬಾಟಲಿಗೆ ತುಂಬಿ ಮಾರುತ್ತಾರೆ. ನಮ್ಮ ಗುಂಪಿನ ಹೆಂಗಸರು ಹೋದ ಸಲವೂ ಕೊಂಡರು.

ಪ್ರಶ್ನೆ (ಉಡುಪಿ): ಸರ್, ನಾವು ಶುದ್ಧ ಸಸ್ಯಾಹಾರಿಗಳು. ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿ ಕೂಡ ಮುಟ್ಟುವುದಿಲ್ಲ. ಉಪವಾಸವೇ ಗತಿಯಾ?

ಉತ್ತರ: ಇಲ್ಲಮ್ಮ. ನಿಮ್ಮ ಅತ್ತೆಯವರ ಊಟ ಅಲ್ಲಿ ಹೊಸದೇನಲ್ಲ. ಬೌದ್ಧ ಸನ್ಯಾಸಿಗಳ ಅಡುಗೆಗೂ ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧ. ದೇವಸ್ಥಾನಗಳ ಹತ್ತಿರ ಅಂಥ ಹೋಟೆಲು ಇರುತ್ತವೆ, ಗುವಾಂಗ್‌ಝೌದಲ್ಲಿ ಹುಡುಕುವುದು ಕಷ್ಟವಲ್ಲ.

ತೊಂದರೆ ಬರುವುದು ಮಾಮೂಲಿ ಹೋಟೆಲಿನಲ್ಲಿ. 'ವೆಜ್' ಅಂದರೆ ಅವರಿಗೆ ಮಾಂಸದ ತುಂಡು ಕಾಣಬಾರದು, ಅಷ್ಟೆ. ಒಮ್ಮೆ ನಮ್ಮ ಗುಂಪಿನ ಒಬ್ಬ ಅಮ್ಮ ಎರಡು ದಿನದಿಂದ ಸೊಪ್ಪಿನ ಪಲ್ಯ ಚಪ್ಪರಿಸಿ ತಿನ್ನುತ್ತಿದ್ದರು. ಮೇಲೆ ಕಂದು ಬಣ್ಣದ ದಪ್ಪ ರಸ, ಸ್ವಲ್ಪ ಸಿಹಿ, ಸ್ವಲ್ಪ ಉಪ್ಪು. 'ಅಣಬೆಯದು ಇರಬೇಕು, ರೆಸಿಪಿ ಕೇಳಿ' ಅಂದರು. ಕೇಳಿದೆ. ಆಯ್ಸ್ಟರ್ ಸಾಸ್, ಸಿಂಪಿಯ ರಸ. ಆ ರಾತ್ರಿ ಅವರಿಗೆ ನಾನು ಹೇಗೆ ಹೇಳಿದೆ ಅನ್ನುವುದು ಬೇಡ ಬಿಡಿ. ಅವತ್ತಿನಿಂದ ಪ್ರತಿಯೊಬ್ಬ ಸಸ್ಯಾಹಾರಿಯ ಕೈಗೆ ಒಂದು ಚೀಟಿ ಕೊಡುತ್ತೇನೆ, ಚೀನೀ ಅಕ್ಷರದಲ್ಲಿ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಸಿಂಪಿಯ ರಸ ಬೇಡ, ಮೂಳೆ ಬೇಯಿಸಿದ ಸಾರು ಬೇಡ, ಹಂದಿ ಕೊಬ್ಬು ಬೇಡ. 'ವೋ ಚಿ ಸು' ಅಂದರೆ ನಾನು ಸಸ್ಯಾಹಾರಿ ಎಂದರ್ಥ, ಆದರೆ ಬಾಯಿಮಾತಿಗಿಂತ ಚೀಟಿ ವಾಸಿ. ಗುಯಿಲಿನ್‌ನ ಅಕ್ಕಿ ಶಾವಿಗೆಗೆ ಹೆಸರಿದೆ, ಆದರೆ ಅದರ ಸಾರು ಮೂಳೆಯದೇ. ನಿಮಗೆ ಅದು ಬೇಡ.

ರೆಡಿಮಿಕ್ಸ್ ಉಪ್ಪಿಟ್ಟು, ಅವಲಕ್ಕಿ ಧಾರಾಳವಾಗಿ ತನ್ನಿ. ಚೀನೀಯರು ಬಿಸಿನೀರು ಕುಡಿಯುವ ಜನ. ರೈಲು, ನಿಲ್ದಾಣ ಎಲ್ಲ ಕಡೆ ಕುದಿನೀರಿನ ನಲ್ಲಿ ಇರುತ್ತದೆ, ಕಪ್ಪಿಗೆ ಸುರಿದರೆ ಐದು ನಿಮಿಷಕ್ಕೆ ತಿಂಡಿ ರೆಡಿ. ತಾಜಾ ಹಣ್ಣು, ತರಕಾರಿ, ಬೀಜ, ಹಾಲಿನ ಪದಾರ್ಥ ಮಾತ್ರ ತರಬೇಡಿ, ಕಸ್ಟಮ್ಸ್‌ನಲ್ಲಿ ಕಸಿದುಕೊಳ್ಳುತ್ತಾರೆ.

ಪ್ರಶ್ನೆ (ಬೆಂಗಳೂರು, ಐಟಿ): ಯುಪಿಐ, ವಾಟ್ಸಾಪ್ ನಡೆಯುತ್ತಾ?

ಉತ್ತರ: ಯುಪಿಐ ಇಲ್ಲ, ವಾಟ್ಸಾಪ್ ರೋಮಿಂಗ್‌ನಲ್ಲಿ ಮಾತ್ರ. ಹೊರಡುವ ಮೊದಲೇ ಅಲಿಪೇ ಎಂಬ ಅಲ್ಲಿನ ಪಾವತಿ ಆ್ಯಪ್ ಹಾಕಿಕೊಂಡು ನಿಮ್ಮ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಬ್ಯಾಂಕ್ ಆ್ಯಪಿನಲ್ಲಿ ವಿದೇಶಿ ಬಳಕೆ ಆನ್ ಮಾಡಿ, ಓಟಿಪಿ ಇಲ್ಲಿರುವಾಗಲೇ ಬಂದುಬಿಡಲಿ. ಒಂದು ಸಲಕ್ಕೆ 200 ಯುವಾನ್ ಒಳಗೆ ಕೊಟ್ಟರೆ ಹೆಚ್ಚಿನ ಶುಲ್ಕ ಇಲ್ಲ, ದಾಟಿದರೆ ನೂರಕ್ಕೆ 3. ಗೂಗಲ್, ವಾಟ್ಸಾಪ್ ಹೋಟೆಲಿನ ವೈಫೈನಲ್ಲಿ ತೆರೆಯುವುದಿಲ್ಲ, ಆದರೆ ನಮ್ಮ ಸಿಮ್ಮಿನ ರೋಮಿಂಗ್ ಹಾಕಿಸಿದರೆ ನಡೆಯುತ್ತದೆ. ಪವರ್ ಬ್ಯಾಂಕ್ ಬಗ್ಗೆ ಹುಷಾರು: 2025ರ ಜೂನ್ 28ರಿಂದ ಅಲ್ಲಿನ ಒಳನಾಡ ವಿಮಾನಗಳಲ್ಲಿ '3ಸಿ' ಎಂಬ ಚೀನಾದ ಸುರಕ್ಷತಾ ಗುರುತು ಇಲ್ಲದ ಪವರ್ ಬ್ಯಾಂಕ್ ಒಯ್ಯುವಂತಿಲ್ಲ.

ಬುಲೆಟ್ ರೈಲಿಗೆ ಪಾಸ್‌ಪೋರ್ಟೇ ಟಿಕೆಟ್. ಅದು ಸದಾ ಮೈಮೇಲಿರಲಿ. ನಮ್ಮ ಗುಂಪಿನವರೊಬ್ಬರು ಭದ್ರವಾಗಿರಲಿ ಎಂದು ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದರು. ಸೂಟ್‌ಕೇಸ್ ವ್ಯಾನಿನಲ್ಲಿ ಮುಂದಿನ ಊರಿಗೆ ಹೊರಟಾಗಿತ್ತು. ರೈಲು ಹೊರಡುವ ಕೆಲವು ನಿಮಿಷ ಮೊದಲೇ ಗೇಟು ಮುಚ್ಚುತ್ತಾರೆ, ಕೈಮುಗಿದರೂ ತೆಗೆಯುವುದಿಲ್ಲ.

ಪ್ರಶ್ನೆ (ಹುಬ್ಬಳ್ಳಿ): ಸರ್, ರೇಷ್ಮೆ, ಜೇಡ್ (ಹಸಿರು ಹರಳು), ಚಹಾ ಅಂಗಡಿಗಳಿಗೆ ಕಡ್ಡಾಯವಾಗಿ ಕರ್ಕೊಂಡು ಹೋಗ್ತಾರಂತೆ, ನಿಜಾನಾ?

ಉತ್ತರ: ತೀರಾ ಅಗ್ಗದ ಪ್ಯಾಕೇಜಿನಲ್ಲಿ ನಿಜ. ಟೂರಿನಲ್ಲಿ ಬಿದ್ದ ನಷ್ಟವನ್ನು ಅಂಗಡಿಯ ಕಮಿಷನ್ನಿನಲ್ಲಿ ತುಂಬಿಕೊಳ್ಳುವ ಲೆಕ್ಕ ಅದು. ಬಲವಂತದ ಶಾಪಿಂಗ್‌ಗೆ ಚೀನಾದ ಪ್ರವಾಸೋದ್ಯಮ ಕಾಯ್ದೆ 2013ರ ಅಕ್ಟೋಬರ್ 1ರಿಂದಲೇ ತಡೆ ಹಾಕಿದೆ. ಆದರೂ 'ಚಹಾ ಸಂಸ್ಕೃತಿ ಪರಿಚಯ' ಎಂಬ ಹೆಸರಿನಲ್ಲಿ ಹಾಳೆಯೊಳಗೆ ನುಸುಳುತ್ತದೆ. ಬುಕಿಂಗ್‌ಗೆ ಮೊದಲು ಎಷ್ಟು ಅಂಗಡಿ, ಎಷ್ಟು ಹೊತ್ತು ಎಂದು ಬರವಣಿಗೆಯಲ್ಲಿ ಕೇಳಿ. ಚಹಾ ಅಂಗಡಿ ಒಂದಿದ್ದರೆ ನನ್ನ ತಕರಾರಿಲ್ಲ, ಕೂತು ಕುಡಿಯಬಹುದು, ಕೊಳ್ಳದೆ ಏಳಬಹುದು. ಜೇಡ್ ಬಗ್ಗೆ ಗೊತ್ತಿಲ್ಲದವರು ಜೇಡ್ ಕೊಳ್ಳಬೇಡಿ.

ಆ ಹೊತ್ತು ಉಳಿದರೆ ಗುವಾಂಗ್‌ಝೌದ ಹುವಾಲಿನ್ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಎಂದು ಗೈಡ್‌ಗೆ ಹೇಳಿ. ದಕ್ಷಿಣ ಭಾರತದಿಂದ ಹಡಗಿನಲ್ಲಿ ಬಂದ ಬೌದ್ಧ ಗುರು ಬೋಧಿಧರ್ಮ ಚೀನಾದ ನೆಲಕ್ಕೆ ಕಾಲಿಟ್ಟದ್ದು ಅಲ್ಲೇ ಎಂಬ ನಂಬಿಕೆ ಇದೆ. ಒಳಗೆ ಐನೂರು ಅರ್ಹತರ, ಅಂದರೆ ಬೌದ್ಧ ಸಂತರ ಮೂರ್ತಿಗಳು, ಒಂದರ ಮುಖ ಇನ್ನೊಂದಕ್ಕಿಲ್ಲ. ಬಹಳಷ್ಟು ಪ್ಯಾಕೇಜುಗಳು 600 ಮೀಟರ್ ಎತ್ತರದ ಕ್ಯಾಂಟನ್ ಟವರ್ ತೋರಿಸಿ ಇದನ್ನು ಬಿಟ್ಟುಬಿಡುತ್ತವೆ.

ಪ್ರಶ್ನೆ (ಶಿವಮೊಗ್ಗ): ತಂದೆಯವರಿಗೆ ಆಸ್ತಮಾ ಇದೆ. ಲಿಜಿಯಾಂಗ್ ಹಿಮಪರ್ವತ ಆಗುತ್ತಾ?

ಉತ್ತರ: ಮೊದಲು ಡಾಕ್ಟರನ್ನು ಕೇಳಿ. ಅವರಿಗೆ ಈ ಅಂಕಿ ಹೇಳಿ: ಕುನ್ಮಿಂಗ್ ಊರೇ ಸುಮಾರು 1,900 ಮೀಟರ್ ಎತ್ತರ, ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು. ಲಿಜಿಯಾಂಗ್ 2,400. ಅಲ್ಲಿಂದ ಹಿಮಪರ್ವತದ ದೊಡ್ಡ ಕೇಬಲ್ ಕಾರ್ ಒಂದೇ ಏಟಿಗೆ 4,506 ಮೀಟರಿಗೆ ಒಯ್ಯುತ್ತದೆ. ಆಮ್ಲಜನಕದ ಡಬ್ಬಿ ಅಲ್ಲಿ ಮಾರುತ್ತಾರೆ, ಆದರೆ ಅದನ್ನು ನಂಬಿ ಹೋಗುವ ಜಾಗವಲ್ಲ. ನನ್ನ ಗುಂಪಿನಲ್ಲಿದ್ದರೆ ಅವರನ್ನು ಕೆಳಗಿನ ಹಳೇ ಪೇಟೆಯಲ್ಲೇ ಕೂರಿಸಿ ಚಹಾ ಕೊಡಿಸುತ್ತೇನೆ.

ಪ್ರಶ್ನೆ (ಮಂಗಳೂರು): ನಡುವೆ ಎರಡು ದಿನ ಹಾಂಗ್‌ಕಾಂಗ್ ಸೇರಿಸಬಹುದಾ?

ಉತ್ತರ: ನಡುವೆ ಬೇಡ, ಕೊನೆಗೆ ಸೇರಿಸಿ. ಚೀನಾದಿಂದ ಹಾಂಗ್‌ಕಾಂಗ್‌ಗೆ ಹೋದರೆ ಚೀನಾ ಬಿಟ್ಟ ಲೆಕ್ಕ. ಸಿಂಗಲ್ ಎಂಟ್ರಿ ವೀಸಾದಲ್ಲಿ ವಾಪಸ್ ಬಿಡುವುದಿಲ್ಲ. ಹಾಂಗ್‌ಕಾಂಗ್ ಊರೊಳಗೆ ಹೋಗಲು ಭಾರತೀಯರು ಮೊದಲೇ ಆನ್‌ಲೈನ್ ನೋಂದಣಿ ಮಾಡಿಕೊಂಡಿರಬೇಕು, ಅದಕ್ಕೆ ದುಡ್ಡಿಲ್ಲ.

ಮೈಸೂರಿನ ಸದಸ್ಯೆ: ಸರ್, ಪೆನ್ಸಿಲ್ ಲೆಕ್ಕ ಮಾಡಿದೆ. ನೋಡುವ ಗಂಟೆಗಿಂತ ಕೂರುವ ಗಂಟೆಯೇ ಜಾಸ್ತಿ ಬಂತು! ನೀವು ಹೇಳಿದ ಹಾಗೆ ಮಾಡಿಕೊಡಲು ಟ್ರಾವೆಲ್ಸ್‌ನವರು ಒಪ್ಪಿದ್ದಾರೆ. ಅಕ್ಟೋಬರ್ ಮೊದಲ ವಾರ ಆಗಬಹುದಾ?

ಉತ್ತರ: ಆ ವಾರ ಮಾತ್ರ ಬೇಡ ಮೇಡಂ. ಅಕ್ಟೋಬರ್ 1ರಿಂದ ಅವರಿಗೆ ರಾಷ್ಟ್ರೀಯ ರಜೆ, ಇಡೀ ಚೀನಾ ರಸ್ತೆಗೆ ಇಳಿದಿರುತ್ತದೆ. ದಸರಾ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತ ಅನುಭವ ಇದೆಯಲ್ಲ, ಹಾಗೆ. ಅಕ್ಟೋಬರ್ ಮಧ್ಯದಿಂದ ಗುವಾಂಗ್‌ಝೌದಲ್ಲಿ ಕ್ಯಾಂಟನ್ ಮೇಳ ಎಂಬ ದೊಡ್ಡ ವ್ಯಾಪಾರ ಮೇಳ, 1957ರಿಂದ ನಡೆಯುತ್ತಿದೆ, ಆಗ ಹೋಟೆಲ್ ರೇಟು ಗಗನಕ್ಕೆ. ಸೆಪ್ಟೆಂಬರ್ ಕೊನೆಯ ಹತ್ತು ದಿನಕ್ಕೆ ಹಾಕಿಸಿ. ಗದ್ದೆ ಹಣ್ಣಾಗಿರುತ್ತದೆ. ಅದೃಷ್ಟ ಇದ್ದರೆ ಗುಯಿಲಿನ್ ಬೀದಿಯಲ್ಲಿ ಓಸ್ಮಾಂಥಸ್ ಹೂವಿನ ಪರಿಮಳವೂ ಸಿಗುತ್ತದೆ, ಊರಿನ ಹೆಸರಿನ ಅರ್ಥವೇ ಆ ಹೂವಿನ ಮರಗಳ ಕಾಡು.

ಮೈಸೂರಿನ ಸದಸ್ಯೆ: ಥ್ಯಾಂಕ್ಸ್ ಸರ್. ಕೊನೇದಾಗಿ ಯಜಮಾನರು ಕೇಳುತ್ತಿದ್ದಾರೆ, ಲೀ ನದಿ ದೋಣಿಯಲ್ಲಿ ಯಾವ ಕಡೆಯ ಸೀಟು ಕೇಳಬೇಕು ಅಂತ.

ಉತ್ತರ: ಯಾವ ಕಡೆಯಾದರೂ ಸರಿ, ಎರಡೂ ಕಡೆ ಬೆಟ್ಟವೇ. ಊಟಕ್ಕೆ ಮಾತ್ರ ಮೊದಲು ಹೋಗಿ ಮೊದಲು ಬರಲು ಹೇಳಿ ಅವರಿಗೆ.