ಟೊಮೆಟೊ ಡ್ರಿಪ್ಪಿಗೆ ಸುಣ್ಣ ಕಟ್ಟಿದೆ: ಲ್ಯಾಟರಲ್ ಬದಲಿಸಲಾ, ಆಸಿಡ್ ಬಿಡಲಾ?

ಮುಳಬಾಗಿಲು: ಒಂದೆಕರೆ ಟೊಮೆಟೊ, ನಾಲ್ಕಡಿ ಸಾಲು. 16 ಮಿ.ಮೀ. ಇನ್‌ಲೈನ್ ಲ್ಯಾಟರಲ್ (ಒಳಗೇ ಡ್ರಿಪ್ಪರ್ ಇರೋ ಸಾಲಿನ ಪೈಪು), 40 ಸೆಂ.ಮೀ.ಗೊಂದು ಡ್ರಿಪ್ಪರ್, ಗಂಟೆಗೆ 2 ಲೀಟರಿಂದು. ಬೋರ್ ನೀರು ಗಡಸು. ಸಾಲಿನ ಕೊನೆ ಗಿಡ ಬಾಡ್ತಿವೆ, ಡ್ರಿಪ್ಪರ್ ಬಾಯಲ್ಲಿ ಬಿಳಿ ಸುಣ್ಣ. ಅನುಭವ ಇರೋರು ಹೇಳಿ.

ಚಿಂತಾಮಣಿ: ಬದಲಿಸಬೇಡಿ. ನಮ್ಮ 3,400 ಮೀಟರ್ ಹೊಸ ಲ್ಯಾಟರಲ್ ಎರಡನೇ ಬೆಳೆಗೇ ಕಟ್ಟಿತು, ಮೀಟರಿಗೆ 11 ರೂಪಾಯಿಯಂತೆ 37,400 ದಂಡ. ಹೈಡ್ರೋಕ್ಲೋರಿಕ್ ಆಸಿಡ್ಡೇ ಗತಿ. ಹತ್ತು ಲೀಟರ್ ಬೋರ್ ನೀರಿಗೆ ಸ್ವಲ್ಪಸ್ವಲ್ಪ ಹಾಕುತ್ತಾ ಪಿಎಚ್ ಪೇಪರಿನಲ್ಲಿ 2 ಬರುವವರೆಗೆ ನೋಡಿ. 20 ಮಿ.ಲೀ. ಹಿಡಿದರೆ, 15 ನಿಮಿಷಕ್ಕೆ 1,500 ಲೀಟರ್ ಹರಿಯುವ ವಾಲ್ವಿಗೆ 3 ಲೀಟರ್ ಆಸಿಡ್. ವೆಂಚುರಿಯಲ್ಲಿ (ಹರಿಯುವ ನೀರಿನ ಸೆಳೆತಕ್ಕೆ ಆಸಿಡ್ ಎಳೆದುಕೊಳ್ಳುವ ಸಾಧನ) ಎಳೆಸಿ, ಕೊನೆ ಡ್ರಿಪ್ಪರಿನಲ್ಲೂ 2 ಬಂದ ಮೇಲೆ ಮೋಟರ್ ನಿಲ್ಲಿಸಿ, 24 ಗಂಟೆ ಬಿಟ್ಟು ಎಂಡ್ ಕ್ಯಾಪ್ (ಪೈಪಿನ ಕೊನೆ ಮುಚ್ಚಳ) ತೆಗೆದು ತೊಳೆಯಿರಿ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ.

ಶ್ರೀನಿವಾಸಪುರ: ಎಲ್ಲದಕ್ಕೂ ಆಸಿಡ್ಡಾ ಸ್ವಾಮಿ? ಎಕರೆಗೆ 8,400 ಡ್ರಿಪ್ಪರ್ ಅಂದ್ರೆ ಗಂಟೆಗೆ 16,800 ಲೀಟರ್. 200 ಲೀಟರ್ ಡ್ರಮ್ಮು ಎರಡು ನಿಮಿಷಕ್ಕೆ ತುಂಬಿಸೋ ನಮ್ಮ ಬೋರ್ ಕೊಡೋದು 6,000. ಒಂದೇ ವಾಲ್ವಲ್ಲಿ ಎಕರೆಪೂರ್ತಿ ಬಿಟ್ಟು ಎರಡು ಬೆಳೆ ಕೊನೆಸಾಲು ಹೋಯ್ತು. ಮೂರು ವಾಲ್ವ್ ಮಾಡಿ ಒಂದೊಂದಾಗಿ ಬಿಟ್ಟ ಮೇಲೆ ಗೇಜಲ್ಲಿ 1 ಕೆ.ಜಿ. ಪ್ರೆಶರ್ ನಿಲ್ತು, ಗಿಡಾನೂ ನಿಲ್ತು.

ಚಿಂತಾಮಣಿ: ಅವರು ಬಿಳಿ ಸುಣ್ಣ ಅಂತಿದ್ದಾರೆ. ಓದಿ ಬರೀರಿ.

ಮಾಲೂರು: ಜಗಳಕ್ಕೆ ಮೊದಲು ಅಳೀರಿ. ಮೂರು ನಿಮಿಷಕ್ಕೆ ಒಂದು ಡ್ರಿಪ್ಪರಿಂದ 100 ಮಿ.ಲೀ. ಬರಬೇಕು. ತಲೆಯಿಂದ ಕೊನೆಗೆ ಹೋಗ್ತಾ ಸಮನಾಗಿ ಇಳಿದರೆ ಪ್ರೆಶರ್ ಸಾಲದು. ಅಲ್ಲೊಂದು ಇಲ್ಲೊಂದು ಸತ್ತಿದ್ದರೆ ಕಟ್ಟಿದೆ. ಇಬ್ಬರೂ ಗೊಬ್ಬರ ಮರೆತಿರಿ. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕದ ಗೊಬ್ಬರ 12:61:0 ಜತೆ ಒಂದೇ ಟ್ಯಾಂಕಿಗೆ ಕಲಸಿದರೆ ಬಿಳಿ ಗಸಿ ಕೂರುತ್ತೆ, ಮೆಗ್ನೀಶಿಯಂ ಸಲ್ಫೇಟ್ ಜತೆಗೂ ಹಾಗೇ. ಬೇರೆ ಬೇರೆ ದಿನ ಬಿಡಿ, ಪ್ರತಿ ಸಲ ಕೊನೆಗೆ 15 ನಿಮಿಷ ಬರೀ ನೀರು.

ಶ್ರೀನಿವಾಸಪುರ: ಬೋರ್ ಬದಲು ಕೃಷಿ ಹೊಂಡದ ಮಳೆನೀರು ಬಿಡಿ, ಅದರಲ್ಲಿ ಅಷ್ಟು ಸುಣ್ಣ ಇರಲ್ಲ.

ಚಿಂತಾಮಣಿ: ಪಾಚಿ ಇರುತ್ತೆ! ಬೋರಿಗೆ ಸಾಕಾಗೋ 120 ಮೆಶ್ ಡಿಸ್ಕ್ ಫಿಲ್ಟರ್ ಹೊಂಡಕ್ಕೆ ಸಾಲಲ್ಲ, ಅದಕ್ಕೂ ಮೊದಲು ಒಂದು ಸ್ಯಾಂಡ್ ಫಿಲ್ಟರ್ ಬೇಕು. ದುಡ್ಡು ಯಾರು ಕೊಡ್ತಾರೆ?

ಶ್ರೀನಿವಾಸಪುರ: ಬ್ಲೀಚಿಂಗ್ ಹಾಕಿದ್ರೆ ಪಾಚಿ ಸಾಯುತ್ತೆ.

ಮಾಲೂರು: ಆಸಿಡ್ ಬಿಟ್ಟ ಪೈಪಿಗೆ ತೊಳೆಯದೆ ಬ್ಲೀಚಿಂಗ್ ಬಿಡಬೇಡಿ, ಕ್ಲೋರಿನ್ ಹೊಗೆ ಎದ್ದು ಉಸಿರು ಕಟ್ಟುತ್ತೆ. ಎರಡರ ಡಬ್ಬಾನೂ ಒಂದೇ ಶೆಡ್ಡಲ್ಲಿ ಇಡಬೇಡಿ.

ಚಿಂತಾಮಣಿ: ಮಲ್ಚಿಂಗ್ ಪೇಪರ್ ಹಾಕಿದೀರಾ ಮುಳಬಾಗಿಲಣ್ಣ? ಕೆಳಗೆ ಡ್ರಿಪ್ಪರ್ ಕಟ್ಟಿದ್ದು ಗಿಡ ಬಾಡೋವರೆಗೂ ಕಾಣಲ್ಲ.

ಶ್ರೀನಿವಾಸಪುರ: ಅದಕ್ಕೆ ಪೇಪರ್ ಬೈಬೇಡಿ. ಹತ್ತು ದಿನಕ್ಕೊಮ್ಮೆ ಎಂಡ್ ಕ್ಯಾಪ್ ಬಿಚ್ಚಿದೋರಿಗೆ ಎಲ್ಲ ಕಾಣುತ್ತೆ.