ಪ್ರಶ್ನೋತ್ತರ: ಐಪಿಒಗೆ ಮುಂಚೆ ಸ್ಟಾರ್ಟಪ್ ಏನೇನು ಸರಿಮಾಡಿಕೊಳ್ಳಬೇಕು?

ಪ್ರಶ್ನೆ: ನಮ್ಮದು ವಾರ್ಷಿಕ ಚಂದಾ ಪಡೆಯುವ ಸಾಫ್ಟ್‌ವೇರ್ ಕಂಪನಿ. ಇಬ್ಬರು ಸ್ಥಾಪಕರು, ಮೂರು ಸುತ್ತಿನ ಹೂಡಿಕೆ ಆಗಿದೆ. ಎರಡು ವರ್ಷದಲ್ಲಿ ಐಪಿಒ, ಅಂದರೆ ಮೊದಲ ಬಾರಿ ಸಾರ್ವಜನಿಕರಿಗೆ ಷೇರು ಮಾರಿ ಷೇರುಪೇಟೆಗೆ ಹೋಗುವ ಯೋಚನೆ. ಮೊದಲು ಐಪಿಒ ನಡೆಸಿಕೊಡುವ ಬ್ಯಾಂಕರ್‌ಗಳನ್ನು ನೋಡಬೇಕೇ?

ಉತ್ತರ (ಲೆಕ್ಕಪರಿಶೋಧಕರು): ಬ್ಯಾಂಕರ್ ಆಮೇಲೆ ಸರ್, ಮೊದಲು ಲೆಕ್ಕ. ನಿಮ್ಮಂಥ ಕಂಪನಿಗಳು ಹೆಚ್ಚಾಗಿ ಎಡವುವುದು ಆದಾಯ ತೋರಿಸುವುದರಲ್ಲಿ. ಗ್ರಾಹಕರೊಬ್ಬರು ಜನವರಿ 1ಕ್ಕೆ ವರ್ಷದ ಚಂದಾ 1,20,000 ಕಟ್ಟಿದರು ಎನ್ನಿ. ದುಡ್ಡು ಪೂರ್ತಿ ಬಂದಿದ್ದರೂ ಜನವರಿಯ ಆದಾಯ 10,000 ಮಾತ್ರ. ಮಿಕ್ಕ 1,10,000ಕ್ಕೆ ನೀವಿನ್ನೂ ಸೇವೆ ಕೊಡಬೇಕು, ಹಾಗಾಗಿ ಅದು ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆಯ ಕಡೆ ಇರುತ್ತದೆ.

ಇದು ಗೊತ್ತಿದ್ದವರಿಗೂ ಪೆಟ್ಟು ಬೀಳುವುದು ಒಪ್ಪಂದದ ಹೊರಗಿನ ಮಾತುಗಳಿಂದ. ಸೇಲ್ಸ್‌ನವರು ‘ಹಿಡಿಸದಿದ್ದರೆ ಆರು ತಿಂಗಳಲ್ಲಿ ಹಣ ವಾಪಸ್’ ಎಂದು ಇಮೇಲ್ ಕಳಿಸಿರುತ್ತಾರೆ. ಅದು ಲೆಕ್ಕ ಬರೆಯುವವರ ಕೈಗೆ ಬಂದಿರುವುದೇ ಇಲ್ಲ. ಆಡಿಟ್‌ನಲ್ಲಿ ಅಂಥವು ಸಾಲುಸಾಲಾಗಿ ಸಿಕ್ಕರೆ ಹಿಂದಿನ ವರ್ಷಗಳ ಲೆಕ್ಕವನ್ನೇ ತಿದ್ದಬೇಕಾದೀತು, ಐಪಿಒ ಅಲ್ಲಿಗೇ ನಿಲ್ಲುತ್ತದೆ. ದೊಡ್ಡ ಗ್ರಾಹಕರ ಒಪ್ಪಂದಗಳನ್ನು ಇಮೇಲ್‌ಗಳ ಸಮೇತ ಈಗಲೇ ಓದಿಸಿ.

ಇನ್ನೊಂದು. ಪ್ರತಿ ತಿಂಗಳ ಲೆಕ್ಕ ಮುಂದಿನ ತಿಂಗಳ ಮೊದಲ ಹತ್ತು ದಿನದೊಳಗೆ ಮುಗಿಯಬೇಕು. ಲಿಸ್ಟ್ ಆದ ಕಂಪನಿಯಂತೆಯೇ ನಾಲ್ಕು ತ್ರೈಮಾಸಿಕದ ಫಲಿತಾಂಶವನ್ನು ಆಡಳಿತ ಮಂಡಳಿಯ ಮುಂದಿಟ್ಟು, ಅಂದಾಜಿಗೂ ವಾಸ್ತವಕ್ಕೂ ಎಷ್ಟು ವ್ಯತ್ಯಾಸ ಬಂತು ನೋಡಿ. ಸ್ವಂತ ಅಂದಾಜನ್ನೇ ಮುಟ್ಟಲಾಗದಿದ್ದರೆ ಇನ್ನೊಂದು ವರ್ಷ ಕಾಯುವುದೇ ಒಳ್ಳೆಯದು.

ಪ್ರಶ್ನೆ: ಕೊನೆಗೆ ನಮ್ಮ ಪಾಲು ಎಷ್ಟು ಉಳಿಯಬಹುದು?

ಉತ್ತರ (ಕಂಪನಿ ವಕೀಲರು): ಪ್ರತಿ ಸುತ್ತಿನಲ್ಲೂ ಹೂಡಿಕೆದಾರರಿಗೆ ಶೇ 20 ಕೊಟ್ಟಿದ್ದರೆ, 100 ಇದ್ದದ್ದು 80, 64 ಆಗಿ ಈಗ ಇಬ್ಬರದೂ ಸೇರಿ ಶೇ 51.2. ನೌಕರರಿಗೆಂದು ಶೇ 10 ತೆಗೆದಿಟ್ಟರೆ 46.1. ಐಪಿಒದಲ್ಲಿ ಶೇ 15ರಷ್ಟು ಹೊಸ ಷೇರು ಬಂದರೆ 39.2, ಅಂದರೆ ತಲಾ ಶೇ 19.6.

ಆದರೆ ಈ ಲೆಕ್ಕ ಕೆಡಿಸುವ ಷರತ್ತೊಂದಿದೆ: ರ‍್ಯಾಚೆಟ್. ಐಪಿಒ ಬೆಲೆ ಒಪ್ಪಂದದಲ್ಲಿ ಹೇಳಿದ ಮಟ್ಟಕ್ಕಿಂತ ಕಡಿಮೆಯಾದರೆ ಕೊನೆಯ ಸುತ್ತಿನ ಹೂಡಿಕೆದಾರರಿಗೆ ಹೆಚ್ಚುವರಿ ಷೇರು ಕೊಡಬೇಕು. ಅಮೆರಿಕದ ಪಾವತಿ ಸೇವೆಯ ಕಂಪನಿ ಸ್ಕ್ವೇರ್ 2015ರ ಐಪಿಒದಲ್ಲಿ 9 ಡಾಲರ್‌ಗೆ ಷೇರು ಮಾರಿತು. ಅದರ ಹಿಂದಿನ ಸುತ್ತಿನ ಬೆಲೆ 15.46 ಡಾಲರ್. ಆ ಸುತ್ತಿನವರಿಗೆ ಶೇ 20 ಲಾಭದ ಖಾತ್ರಿ ಇದ್ದದ್ದರಿಂದ ಅವರಿಗೆ ಹೊಸ ಷೇರು ಹೋಯಿತು, ಉಳಿದೆಲ್ಲರ ಪಾಲೂ ಕರಗಿತು. ದೊಡ್ಡ ಮೌಲ್ಯಮಾಪನದ ಆಸೆಗೆ ಇಂಥ ಷರತ್ತು ಒಪ್ಪುವುದು ನನ್ನ ಪ್ರಕಾರ ತಪ್ಪು. ಒಪ್ಪಂದದಲ್ಲಿ ಈಗಾಗಲೇ ಇದ್ದರೆ ಐಪಿಒ ಅರ್ಜಿಗೆ ಮುಂಚೆಯೇ ಮಾತಾಡಿ ತೆಗೆಸಿ. ಕೊನೇ ಗಳಿಗೆಯಲ್ಲಿ ಚೌಕಾಸಿಯ ಬಲವೆಲ್ಲ ಅವರ ಕೈಲಿರುತ್ತದೆ.

ಪ್ರಶ್ನೆ: ನೌಕರರು ಲಿಸ್ಟಿಂಗ್ ದಿನವೇ ಷೇರು ಮಾರಬಹುದೇ?

ಉತ್ತರ (ಕಂಪನಿ ವಕೀಲರು): ಸಾಮಾನ್ಯವಾಗಿ ಇಲ್ಲ. ಅಮೆರಿಕದಲ್ಲಿ 180 ದಿನದ ಲಾಕ್-ಅಪ್, ಅಂದರೆ ಅಷ್ಟು ದಿನ ಷೇರು ಮಾರುವಂತಿಲ್ಲ ಎಂಬ ಕರಾರು, ರೂಢಿ. ಬೇರೆ ಕಡೆ ಅಲ್ಲಲ್ಲಿನ ನಿಯಮ. ಅವಧಿ ಮುಗಿಯುತ್ತಲೇ ಮಾರುವವರು ಹೆಚ್ಚಾಗಿ ಬೆಲೆ ಕುಸಿಯಬಹುದು ಎಂಬುದನ್ನು ಮೊದಲೇ ಹೇಳಿಬಿಡಿ, ಮನೆ ಸಾಲ ಮಾಡಿ ಕಾಯುವವರಿರುತ್ತಾರೆ. ಆಫರ್ ಲೆಟರ್‌ನಲ್ಲಿ ಬರೆದುಕೊಟ್ಟ ಷೇರುಗಳಿಗೆಲ್ಲ ಆಡಳಿತ ಮಂಡಳಿಯ ನಿರ್ಣಯ ಇದೆಯೇ ಎಂದೂ ಒಂದೊಂದಾಗಿ ತಾಳೆ ನೋಡಿ. ನಿರ್ಣಯವಿಲ್ಲದ ಮಾತು ಐಪಿಒ ಹೊತ್ತಿಗೆ ಮೊಕದ್ದಮೆಯಾಗಿ ಬರುತ್ತದೆ.